ಡ್ರೈವರ್ ಸಾಹೇಬರ ಬೇಸಿಗೆ

ಬೇಸಿಗೆ ಕಾಲಿಟ್ಟಿತೆಂದರೆ ಕಾಡಿನಂಚಿನ ಮನೆಯ ನಿವೃತ್ತ ಬಸ್ ಡ್ರೈವರ್ ಸಾಹೇಬರಿಗೆ ಕಾಡ್ಗಿಚ್ಚಿನದೇ ಜಪ. ಬೆಳಗಾದರೆ ಅಂಗಳದ ತರಗೆಲೆ ಗುಡಿಸಿ, ಮಾಡಿನ ಮೇಲೆ ನೀರು ಹೊಡೆದು, ಕಾರನ್ನು ರಸ್ತೆಗೆ ಮುಖ ಮಾಡಿ ನಿಲ್ಲಿಸುತ್ತಾರೆ. ನೆಂಟರ ಮನೆಗೆ ಹೋದರೂ ಕುಶಲೋಪರಿಗೆ ಮೊದಲೇ, "ಬೆಂಕಿ ಬಂದ್ರೆ ಓಡೋಕೆ ಇನ್ನೊಂದು ದಾರಿ ಇದೆ ತಾನೇ?" ಎಂದು ವಿಚಾರಿಸುತ್ತಾರೆ. ಪಕ್ಕದ ಮನೆಯವನು ಸಿಗರೇಟು ಹಚ್ಚಿದರೆ ಬಕೆಟ್ ಹಿಡಿದು ಓಡುತ್ತಾರೆ. "ಒಲೆ ಹಚ್ಚೋಕೂ ನಿಮ್ಮಪ್ಪನ ಅಪ್ಪಣೆ ಬೇಕು ಕಣೇ" ಎಂದು ಹೆಂಡತಿ ಮಗಳೆದುರು ಆಡಿಕೊಳ್ಳುತ್ತಾಳೆ. ಆದರೆ ದಾರಿಯಲ್ಲಿ ದೂರದ ಹೊಗೆ ಕಂಡು ಅವರು ಕಾರು ಹಿಂದಕ್ಕೆ ತಿರುಗಿಸಿದರೆ ಮಾತ್ರ ಅವಳು ತುಟಿ ಪಿಟಕ್ಕೆನ್ನುವುದಿಲ್ಲ. ಹಿಂದೊಮ್ಮೆ ಹೀಗೆಯೇ ಅವರು ಬಸ್ಸು ತಿರುಗಿಸಿದಾಗ, "ನಿಮ್ಮಂಥ ಪುಕ್ಕಲರನ್ನ ನಾನು ನೋಡೇ ಇಲ್ಲ, ಭಾವ!" ಎಂದು ನಗುತ್ತಾ ಇಳಿದು, ಹೊಗೆಯತ್ತ ನಡೆದು, ಮರಳಿ ಬಾರದೇ ಹೋದವನು ಅವಳ ಒಬ್ಬನೇ ತಮ್ಮ.