ಸಿದ್ದಲಿಂಗಪ್ಪನವರ ವೋಟು

ಅಹಮದಾಬಾದಿನ ಮಣಿನಗರ ಸ್ಟೇಷನ್ ಎದುರಿನ ಚಹಾದಂಗಡಿಯಲ್ಲಿ ಬೆಳಿಗ್ಗೆ ಹೋಗಿ ನಿಂತರೆ ಸಾಕು, ಸಿದ್ದಲಿಂಗಪ್ಪನವರ ಬೈಗುಳ ಪುಕ್ಕಟೆ ಕೇಳಬಹುದು. ರಾಜಕಾರಣಿಗಳೆಲ್ಲ ಕಳ್ಳರು, ಪೇಪರಿನವರು ಬಾಲಬಡುಕರು, ಜನರಂತೂ ಕುರಿಮಂದೆ, ಈಗಿನ ಹುಡುಗರು ಉಂಡಾಡಿಗಳು. ರಾಣೇಬೆನ್ನೂರಿನಿಂದ ಬ್ಯಾಂಕಿನ ವರ್ಗಾವಣೆಯ ಮೇಲೆ ಸೂರತ್‌ಗೆ ಬಂದು, ವಡೋದರಾ ದಾಟಿ, ಇಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಮೂರೂ ಊರುಗಳ ಮೇಲೆ ಅವರಿಗೆ ಒಂದೇ ಸಮನಾದ ಸಿಟ್ಟು. ಆ ವಿಷಯದಲ್ಲಿ ಪಕ್ಷಪಾತ ಮಾಡಿದವರೇ ಅಲ್ಲ, ಪುಣ್ಯಾತ್ಮ!

ಇಷ್ಟು ಬೈದರೂ ಗುಜರಾತಿನಲ್ಲಿ ಅವರು ಒಂದು ಸಲವೂ ವೋಟು ಹಾಕಿರಲಿಲ್ಲ. ಪಕ್ಕದ ಮನೆಯ ಕೀರ್ತಿಭಾಯಿ ಪ್ರತಿ ಚುನಾವಣೆಗೂ ಕರೆಯಲು ಬರುತ್ತಿದ್ದರು. ನನ್ನ ವೋಟಿಗೆ ಯೋಗ್ಯತೆ ಇರುವವನು ಒಬ್ಬನಾದರೂ ನಿಲ್ಲಲಿ, ಆಮೇಲೆ ನೋಡೋಣ ಎಂದು ಇವರು ಹಿಂದಿಯಲ್ಲಿ ಗದರಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಈ ಸಲ ನಿಂತದ್ದು ಯಾರು? ಅವರ ಸ್ವಂತ ಮಗಳು!

ಆಶ್ರಿತಾಳನ್ನು ನವರಂಗಪುರದ ಕೋಚಿಂಗಿಗೆ ಕಳಿಸಿ, ಹಗಲಿರುಳು ಬೆನ್ನುಹತ್ತಿ ಬ್ಯಾಂಕ್ ಆಫೀಸರ್ ಮಾಡಿಸಿದ್ದರು. ಅವಳೋ ಮಳೆಗಾಲದಲ್ಲಿ ಓಣಿಗೆ ನುಗ್ಗುವ ಗಟಾರದ ನೀರಿನ ಬೆನ್ನುಹತ್ತಿದಳು. ಅರ್ಜಿ, ಧರಣಿ ಎಂದು ಓಡಾಡಿ, ಕೊನೆಗೆ ರಾಜೀನಾಮೆ ಬಿಸಾಕಿ ಪಾಲಿಕೆ ಚುನಾವಣೆಗೆ ಪಕ್ಷೇತರಳಾಗಿ ನಿಂತಳು.

"ಹುಚ್ಚು ಹಿಡದೈತೇನ ನಿನಗ? ಕುಂತು ಉಣ್ಣೂ ನೌಕರಿ ಬಿಟ್ಟು ಗಟಾರದಾಗ ಇಳೀತಿಯೇನ?"

"ಗಟಾರ ಗಟಾರ ಅಂತ ದಿನಾ ಬೈಯೋದು ನೀವೇ ಅಲ್ಲೇನು, ಅಪ್ಪಾಜಿ?"

"ಬೈಯೂದು ಬ್ಯಾರೆ, ಇಳಿಯೂದು ಬ್ಯಾರೆ! ನನ್ನ ಮಾನಾ ಹರಾಜಿಗಿಟ್ಟಿ."

ಹೆಂಡತಿ ರತ್ನಮ್ಮ ಅಡುಗೆಮನೆಯಿಂದಲೇ ಒಂದು ಮಾತು ಎಸೆದರು. "ಬಾಯಿಲೆ ಊರು ಉದ್ಧಾರ ಮಾಡಾವ್ರು ಮನ್ಯಾಗ ಅದಾರ. ಕೈಲೆ ಮಾಡಾಕಿ ಒಬ್ಬಾಕಿ ಇರಲಿ ಬಿಡ್ರಿ." ಅಂದಿನಿಂದ ಸಿದ್ದಲಿಂಗಪ್ಪನವರು ಇಬ್ಬರೊಂದಿಗೂ ಮಾತು ಬಿಟ್ಟರು.

ಪ್ರಚಾರದ ದಿನ ಆಶ್ರಿತಾ ಬಿಲ್ಡಿಂಗಿನ ಎಲ್ಲ ಬಾಗಿಲು ತಟ್ಟುತ್ತ ಬಂದು ತನ್ನ ಮನೆಯ ಗಂಟೆಯನ್ನೂ ಒತ್ತಿದಳು. ಕೈಯಲ್ಲಿ ಮತದಾರರ ಪಟ್ಟಿ, ಹಿಂದೆ ಮೆಟ್ಟಿಲ ತುಂಬ ಅಕ್ಕಪಕ್ಕದವರು. ಪಟ್ಟಿಯನ್ನು ಕಂಕುಳಿಗೆ ಸಿಕ್ಕಿಸಿ ಅಪ್ಪನಿಗೆ ಕೈ ಮುಗಿದಳು.

"ಅಪ್ಪಾಜಿ, ನಿಮ್ಮ ವೋಟು ನನಗ ಕೊಡ್ರಿ."

"ಗಟಾರಕ್ಕ ಬೇಕಾದ್ರ ಹಾಕೇನು, ನಿನಗ ಹಾಕೂದಿಲ್ಲ. ನಡಿ!"

ಬಾಗಿಲು ಧಡಾರನೆ ಮುಚ್ಚಿತು. ಮೆಟ್ಟಿಲ ಮೇಲಿದ್ದವರಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಒಬ್ಬರೂ ಅರ್ಥ ಕೇಳಲಿಲ್ಲ.

ಸಂಜೆಯೊಳಗೆ ಸುದ್ದಿ ಓಣಿ ತುಂಬಿತು. ಮರುದಿನ ಚಹಾದಂಗಡಿಯಲ್ಲಿ ಒಬ್ಬ ಇವರ ಮುಖಕ್ಕೇ ಹೇಳಿದ: ಹೆತ್ತ ಅಪ್ಪನೇ ವೋಟು ಹಾಕದ ಹುಡುಗಿಗೆ ನಾವು ಯಾಕೆ ಹಾಕಬೇಕು, ಕಾಕಾ? ಸುತ್ತಲಿದ್ದವರು ಹೌದಲ್ಲ ಎಂದು ತಲೆಯಾಡಿಸಿದರು. ಸಿದ್ದಲಿಂಗಪ್ಪನವರಿಗೆ ಮೈಯೆಲ್ಲ ಉರಿಯಿತು. ನನ್ನ ಮಗಳನ್ನು ನಾನು ಬೈಯುತ್ತೇನೆ, ಈ ಕುರಿಗಳು ಯಾರು? ಒಂದು ಪಕ್ಷದವರ ಚಹಾ ಕುಡಿದು ಇನ್ನೊಂದು ಪಕ್ಷದವರ ಟೋಪಿ ಹಾಕುವವರು ನನ್ನ ಕೂಸಿನ ಯೋಗ್ಯತೆ ಅಳೆಯುತ್ತಾರೆಯೇ? ಅರ್ಧ ಕಪ್ ಚಹಾ ಅಲ್ಲೇ ಚೆಲ್ಲಿ ಎದ್ದರು. ಓಣಿಯವರೆಲ್ಲ ನೋಡುವಂತೆ ಹೋಗಿ ಅವಳಿಗೇ ವೋಟು ಹಾಕುವುದೆಂದು ಆಗಲೇ ಹಟ ತೊಟ್ಟರು.

ಮತದಾನದ ದಿನ ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಜೇಬಿನಲ್ಲಿ ಹಳೆಯ ಗುರುತಿನ ಚೀಟಿ ಇಟ್ಟುಕೊಂಡು ಶಾಲೆಯ ಮತಗಟ್ಟೆಗೆ ಹೋದರು. ಕೀರ್ತಿಭಾಯಿಯ ಹಿಂದೆಯೇ ಸಾಲಿನಲ್ಲಿ ನಿಂತರು. ಮಗಳಿಗೆ ಹಾಕಲು ಬಂದಿದ್ದೇನೆ ಎಂದು ಕೇಳದವರಿಗೂ ಹೇಳಿದರು.

ಒಳಗೆ ಗುಮಾಸ್ತ ಪಟ್ಟಿಯ ಮೇಲೆ ಬೆರಳಾಡಿಸಿದ. "ಆ ಮನೆಯಲ್ಲಿ ಎರಡೇ ವೋಟು, ಕಾಕಾ. ರತ್ನಮ್ಮ, ಆಶ್ರಿತಾ. ನಿಮ್ಮದಿಲ್ಲ."

ಇವರು ಚೀಟಿಯನ್ನು ಮೇಜಿನ ಮೇಲೆ ಬಡಿದರು.

"ಇದು ಕರ್ನಾಟಕದ್ದು. ವೋಟು ಹಾಕಬೇಕಾದರೆ ಅಲ್ಲಿಗೇ ಹೋಗಬೇಕು."

"ಅದೇನು ಪರದೇಶವೇ? ಇದು ಭಾರತದ ಕಾರ್ಡು!" ಎಂದು ಕಿರುಚಾಡಿದರು. ಈ ಊರಿನ ವಿಳಾಸ ಇಲ್ಲ ಎಂದು ಎಷ್ಟು ಜನರನ್ನು ಬ್ಯಾಂಕಿನಿಂದ ಗದರಿ ಅಟ್ಟಿದ್ದ ಮನುಷ್ಯ! ಹೆಸರು ಸೇರಿಸಲು ಹಿಂದೊಮ್ಮೆ ಆಶ್ರಿತಾ ಅವ್ವನ ಜೊತೆ ಅಪ್ಪನಿಗೂ ಅರ್ಜಿ ತಂದಿದ್ದಳು. ಈ ದರಿದ್ರ ಊರಿನ ವೋಟು ಯಾರಿಗೆ ಬೇಕು ಎಂದು ಹರಿದು ಹಾಕಿದ್ದರು. ಅದು ಈಗ ನೆನಪಾಯಿತು. ಪೊಲೀಸಿನವನು ತೋಳು ಹಿಡಿದು ಹೊರಗೆ ಬಿಟ್ಟ. ಸಾಲಿನಲ್ಲಿದ್ದವರು ನಕ್ಕರು. ನಗಲಿ ಬಿಡಿ, ಕುರಿಗಳಿಗೂ ಒಂದು ದಿನ ಬರಬೇಕಲ್ಲ.

ಮತಗಟ್ಟೆಯಿಂದ ದೂರದಲ್ಲಿ ಮೇಜು ಹಾಕಿಕೊಂಡು ಆಶ್ರಿತಾ ಮತದಾರರ ಹೆಸರು ಹುಡುಕಿ ಕೊಡುತ್ತಿದ್ದಳು. ಅಪ್ಪ ಅವಳ ಮುಂದೆ ಹೋಗಿ ನಿಂತರು.

"ನನ್ನ ಹೆಸರಽ ಇಲ್ಲಂತ."

"ಗೊತ್ತು, ಅಪ್ಪಾಜಿ. ಪಟ್ಟಿ ನನ್ನ ಕೈಯಾಗೇ ಇತ್ತಲ್ಲ."

"ಗೊತ್ತಿದ್ದೂ ನನ್ನ ಬಾಗಿಲಿಗೆ ಬಂದು ವೋಟು ಕೇಳಿದೆಲ್ಲ! ಮಂದಿ ಮುಂದ ನನ್ನ ಮಂಗ್ಯಾ ಮಾಡಾಕೇನ?"

ಅವಳು ತಲೆಯೆತ್ತಿದಳು. "ವೋಟಿಗೆ ಬಂದಿರಲಿಲ್ಲ. ನೀವು ಹೂಂ ಅಂತೀರೇನೋ ನೋಡಾಕ ಬಂದಿದ್ದೆ."

ಅಷ್ಟರಲ್ಲಿ ರಿಕ್ಷಾದಿಂದ ಒಬ್ಬ ಮುದುಕಿ ಇಳಿದಳು. ಆಶ್ರಿತಾ ಅಪ್ಪನನ್ನು ಬಿಟ್ಟು ಆಕೆಯ ಹೆಸರು ಕೇಳಲು ಎದ್ದು ಹೋದಳು.