ಅಪ್ಪನ ನಂಬರಿನಿಂದ ಬಂದದ್ದು

ಲಗ್ನಪತ್ರಿಕೆಯನ್ನು ಬಿಚ್ಚಿ ನೋಡದೆ ಇಡುವುದೆಂದರೆ ನಮ್ಮ ಕಡೆ ಮನೆಗೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿದ ಹಾಗೆ. ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯಲ್ಲಿರುವ ನಮ್ಮಪ್ಪ ಆ ಮರ್ಯಾದೆ ಮರೆಯುವವರಲ್ಲ. ವಾಟ್ಸಾಪಿನಲ್ಲಿ ಯಾರದೋ ಮದುವೆಯ ಕರೆಯೋಲೆ ಅಂತ ಒಂದು ಫೈಲು ಬಂತು. ಒತ್ತಿದರು. ಫೋನು ಕೇಳಿದ ಅನುಮತಿಗಳಿಗೆಲ್ಲ ಹೂಂ ಅಂದರು. ಮದುವೆ ಇರಲಿಲ್ಲ, ವೈರಸ್ ಇತ್ತು. ಸಂಜೆಯೊಳಗೆ ಅದೇ ಕರೆಯೋಲೆ ಅಪ್ಪನ ಹೆಸರಲ್ಲಿ ನೆಂಟರಿಷ್ಟರಿಗೆಲ್ಲ ಹೋಗಿತ್ತು.

ನಾನು ಹುಣಸೂರಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವವಳು. ನನಗೆ ಬಂದದ್ದನ್ನು ಲ್ಯಾಬಿನಲ್ಲಿ ಪರೀಕ್ಷಿಸಿದೆ. ವಿಂಡೋಸಿನಲ್ಲಿ ತೆರೆಯಲಿಲ್ಲ, ಲಿನಕ್ಸಿನಲ್ಲಿ ಸುಮ್ಮನೆ ಬಿದ್ದಿತ್ತು, ಜೊತೆಯ ಟೀಚರ ಐಫೋನು ಮೂಸಿಯೂ ನೋಡಲಿಲ್ಲ. ಅಪ್ಪನಂಥವರ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿಗೆಂದೇ ಅದನ್ನು ಮಾಡಿದ್ದರು. ಉಳಿದವಕ್ಕೆ ಬೇರೆ ಕಳ್ಳರಿದ್ದಾರೆ ಬಿಡಿ. ಸಿಟ್ಟಿನಿಂದ ನೆಂಟರಿಗೆಲ್ಲ ವಾಟ್ಸಾಪಿನಲ್ಲಿ ನನ್ನ ದನಿಯಲ್ಲೇ ಹೇಳಿ ಕಳಿಸಿದೆ: ಅಪ್ಪನ ನಂಬರಿನಿಂದ ಏನು ಬಂದರೂ ತೆರೆಯಬೇಡಿ, ಕರೆ ಬಂದರೆ ಎತ್ತಬೇಡಿ. ಆಮೇಲೆ ಫೋನು ಸರಿಮಾಡಿ, ಇನ್ನು ಭಯವಿಲ್ಲ ಅಂತಲೂ ಹೇಳಿದೆ. ಹೆದರಿಸಿದ್ದು ನಾಟಿತು, ಸಮಾಧಾನ ಹೇಳಿದ್ದು ಯಾರ ತಲೆಗೂ ಹೋಗಲಿಲ್ಲ.

ಕೆಲವು ತಿಂಗಳಾದ ಮೇಲೆ ಒಂದು ಬೆಳಗ್ಗೆ ಅವ್ವ ತೀರಿಕೊಂಡಳು. ಸುದ್ದಿ ತಿಳಿದ ಕೂಡಲೇ ನಾನು ಊರಿಗೆ ಬಂದೆ. ಮುತ್ತೈದೆ ಹೋದರೆ ತವರಿನ ಸೀರೆ ಬರಬೇಕು, ತವರಿನವರು ಮುಖ ನೋಡಬೇಕು. ತವರು ಅಂತ ಉಳಿದಿದ್ದವಳು ಕೆ.ಆರ್. ನಗರದ ದೊಡ್ಡವ್ವ, ಅವ್ವನ ಅಕ್ಕ, ಒಬ್ಬಳೇ. ಅಪ್ಪ ಕರೆ ಮಾಡಿದರು, ಎತ್ತಲಿಲ್ಲ. ಅವ್ವನ ಮುಖದ ಫೋಟೊ ತೆಗೆದು, ಸುದ್ದಿಯನ್ನು ಅಳುತ್ತ ಬಾಯಲ್ಲೇ ಹೇಳಿ, ಎರಡನ್ನೂ ವಾಟ್ಸಾಪಿನಲ್ಲಿ ಅವಳಿಗೆ ಕಳಿಸಿದರು.

"ಯೋಳಿವ್ನಿ, ಬತ್ತಾವ್ರೆ ಬುಡು," ಅಂದರು.

ಕಾದೆವು. ಮಧ್ಯಾಹ್ನ ದಾಟಿದರೂ ಬಾರದಿದ್ದಾಗ ನನ್ನ ಫೋನಿನಿಂದ ಕರೆ ಮಾಡಿದೆ.

"ನಿಮ್ಮಪ್ಪನ ನಂಬರಿಂದ ಏನೋ ಬಂದಿತ್ತು ಕಣವ್ವ," ಅಂದಳು ದೊಡ್ಡವ್ವ. "ನೀನು ಯೋಳ್ದಂಗೇ ಅಳಿಸ್ಬುಟ್ಟೆ."

ವಿಷಯ ಹೇಳಿದೆ. ಅವಳು ಅತ್ತದ್ದನ್ನು ಕೇಳಲಾರದೆ ಫೋನನ್ನು ಕಿವಿಯಿಂದ ದೂರ ಹಿಡಿದೆ. ಯಾರೂ ತಪ್ಪು ಮಾಡಿರಲಿಲ್ಲ, ಅದೇ ನನ್ನನ್ನು ಇವತ್ತಿಗೂ ಕೊಲ್ಲುತ್ತದೆ.

ಹೊತ್ತು ಮುಳುಗುವ ಮೊದಲು ಮಣ್ಣು ಮಾಡಬೇಕು ಅಂತ ಹಿರಿಯರು ಪಟ್ಟು ಹಿಡಿದರು. ಎರಡು ಬಸ್ಸು ಬದಲಿಸಿ ದೊಡ್ಡವ್ವ ಸೀರೆ ಹಿಡಿದು ಬಂದಾಗ ನಾವು ಸ್ನಾನ ಮುಗಿಸಿ ಜಗಲಿಯಲ್ಲಿ ಕೂತಿದ್ದೆವು. ಅವಳು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಖ ನೋಡ್ನಿಲ್ವಲ್ಲ ಅಂತಷ್ಟೇ ಅಂದಳು.

ಅಪ್ಪ ಬೆಳಗಿನ ಫೋಟೊ ತೆರೆದು ಫೋನನ್ನು ಅವಳ ಮುಂದೆ ಹಿಡಿದರು. ದೊಡ್ಡವ್ವ ಚಾಚಿದ ಕೈಯನ್ನು ಅಲ್ಲೇ ತಡೆದು ನನ್ನ ಕಡೆ ನೋಡಿದಳು.

"ಮುಟ್ಬೋದೇನವ್ವ?" ಅಂತ ಕೇಳಿದಳು.