ಹಚ್ಚಿಯ ಚುಕ್ಕಿ

ಜೇವರ್ಗಿಯ ಬಸ್ ಸ್ಟ್ಯಾಂಡಿನ ಎದುರಿಗೆ ನಮ್ಮಣ್ಣನದೊಂದು ಫೋಟೋ ಸ್ಟುಡಿಯೋ ಇತ್ತು. ಫೋಟೋ ತೆಗೆಯುವುದು ಅವನು, ಬಣ್ಣದ ಕೆಲಸ ತಂಗಿಯಾದ ನನ್ನದು. ಕಡ್ಡಿಗೆ ಹತ್ತಿ ಸುತ್ತಿ ಕಪ್ಪು ಬಿಳುಪು ಫೋಟೋಗಳಿಗೆ ಬಣ್ಣ ಹಚ್ಚುತ್ತಿದ್ದೆ. ಹರಿದ ಫೋಟೋದಲ್ಲಿ ಹಾರಿಹೋದ ಮೂಗು, ಕಿವಿಗಳನ್ನು ಸಣ್ಣ ಬ್ರಷ್ಷಿನಿಂದ ಬರೆದು ಕೂಡಿಸುತ್ತಿದ್ದೆ. ಆ ಕೆಲಸದಲ್ಲಿ ನನ್ನನ್ನು ಮೀರಿಸುವವರು ಸುತ್ತಮುತ್ತ ಯಾರೂ ಇರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ಅಣ್ಣ ಬಾಯಿಬಿಟ್ಟು ಹೇಳುವವನಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಅಣ್ಣ ಕಲಬುರ್ಗಿಯಿಂದ ಒಂದು ಹಳೆಯ ಕಂಪ್ಯೂಟರು, ಜೊತೆಗೊಂದು ಸ್ಕ್ಯಾನರು ತಂದ. ಇನ್ನು ಬಣ್ಣವೆಲ್ಲ ಇದರಲ್ಲೇ ಎಂದ. ನಾನು ಬ್ರಷ್ ತೊಳೆದಿಟ್ಟು ಮೌಸ್ ಹಿಡಿದೆ. ಸ್ನಾನದ ಸಾಬೂನು ಹಿಡಿದು ಹುಬ್ಬು ಬರೆದ ಹಾಗಾಯಿತು. ಹುಬ್ಬು ಹೋಗಿ ಜರಿಹುಳ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನೂ ಮೊದಲು ಟೇಬಲ್ಲನ್ನು ಬೈದೆ, ಆಮೇಲೆ ಮೌಸಿನೊಳಗಿನ ಗುಂಡನ್ನು ತೆಗೆದು ತೊಳೆದೆ. ಮತ್ತೆ ಜರಿಹುಳವೇ. ಒಮ್ಮೆ ಯಾರದೋ ತಲೆಯ ರುಮಾಲಿಗೆ ಅರ್ಧ ದಿನ ಕೂತು ಬಣ್ಣ ತುಂಬಿದ್ದೆ, ಕರೆಂಟ್ ಹೋಯಿತು, ಜೊತೆಗೆ ರುಮಾಲೂ ಹೋಯಿತು. ಸಿಟ್ಟಿಗೆ ಕಣ್ಣಲ್ಲಿ ನೀರೇ ಬಂತು.

"ನಿನ್ ಕೈಲೆ ಆಗಂಗಿಲ್ಲ ಬಿಡ್ ಬೇ. ಕಲಬುರ್ಗಿಯಿಂದ ಕಲ್ತವನೊಬ್ಬನ್ನ ಕರಸ್ತೇನಿ. ನೀ ಕೌಂಟರ್ ನೋಡ್ಕೋ," ಎಂದ ಅಣ್ಣ.

ಕೌಂಟರ್ ಅಂದರೆ ಗಿರಾಕಿಗಳಿಗೆ ಬಾಚಣಿಕೆ, ಪೌಡರ್ ಡಬ್ಬಿ ಕೊಟ್ಟು ಕನ್ನಡಿ ತೋರಿಸುವ ಕೆಲಸ. ಬಣ್ಣ ಬಿಟ್ಟು ಅಲ್ಲಿ ಕೂರುವುದು ನನ್ನ ಜೀವಕ್ಕೆ ಒಗ್ಗುವ ಮಾತಲ್ಲ. "ಇನ್ನೊಂದ ಫೋಟೋ ಮಾಡ್ತೇನಿ. ಅದೂ ಕೆಟ್ಟರ ಅವನ್ನ ಕರಸು," ಎಂದು ಹಟ ಹಿಡಿದೆ.

ಆ ಇನ್ನೊಂದು ಫೋಟೋ ಅತನೂರಿನಿಂದ ಬಂತು. ತೀರಿಹೋದ ತಾಯಿಯದು. ಶಿವಗಣಾರಾಧನೆಯ ದಿನ ಹಾರ ಹಾಕಲು ದೊಡ್ಡ ಫೋಟೋ ಬೇಕು, ಆದರೆ ಇದ್ದದ್ದು ಮದುವೆಯ ಗುಂಪಿನ ಫೋಟೋ ಒಂದೇ. ಅದರ ಅಂಚಿನಲ್ಲಿ, ಹುಣಸೆಬೀಜದಷ್ಟು ಮುಖ. ಮೇಲೆ ಬೂಸಲು ಹಿಡಿದ ಕಲೆಗಳು ಬೇರೆ. ಅದನ್ನು ದೊಡ್ಡದು ಮಾಡಿ ಕೂತೆ. ಗೆರೆ ನೆಟ್ಟಗೆ ಬಾರದ ಕಡೆಯೆಲ್ಲ ತಿಕ್ಕಿ ತಿಕ್ಕಿ ನುಣುಪು ಮಾಡಿದೆ. ಕಲೆ ಕಂಡಲ್ಲೆಲ್ಲ ಒರೆಸಿದೆ. ಹಣೆಯ ವಿಭೂತಿ ಬೆಳ್ಳಗೆ ಹೊಳೆಯಿತು. ನನಗೇ ಖುಷಿಯಾಯಿತು.

ಆ ತಾಯಿಯ ಮಗಳು ಬಂದು ನೋಡಿದರು. ನನಗಿಂತ ದೊಡ್ಡವರು, ತಲೆ ತುಂಬ ಸೆರಗು.

"ಚಂದ ಆಗ್ಯಾದ್ರಿ ಅಕ್ಕಾರ," ಎಂದರು. ಪರದೆಯ ಹತ್ತಿರ ಬಗ್ಗಿ, "ಖರೆ, ಇಕಿ ಯಾರ್ರಿ?"

ಅಣ್ಣ ನನ್ನ ಕಡೆ ನೋಡಲಿಲ್ಲ. ನೋಡಿದ್ದರೇ ಚೆನ್ನಾಗಿತ್ತು. ಕೌಂಟರಿನ ಕುರ್ಚಿ ನನಗೆ ಅಲ್ಲಿಂದಲೇ ಕಾಣಿಸಿತು.

"ಅವ್ವನ ಹಚ್ಚಿ ಎಲ್ಲಿ ಹೋತ್ರಿ?" ಎಂದರು ಅವರು, ತಮ್ಮ ಗದ್ದ ಮುಟ್ಟಿಕೊಂಡು. ಅಲ್ಲಿ ಹಸಿರು ಚುಕ್ಕಿಗಳ ಹಚ್ಚಿ ಇತ್ತು. ನಾನು ಬೂಸಲೆಂದು ಒರೆಸಿದ್ದರಲ್ಲಿ ಅವರ ತಾಯಿಯದೂ ಹೋಗಿತ್ತು. ನಮ್ಮಜ್ಜಿಯ ಗದ್ದದ ಮೇಲೂ ಅಂಥದೇ ಹಚ್ಚಿ ನೋಡುತ್ತ ಬೆಳೆದವಳು ನಾನು!

"ಸಣ್ಣಾಕಿದ್ದಾಗ ನಂಗ ಹಚ್ಚಿ ಹಾಕಾಕ ಬಂದ್ರ ಚೀರಿ ಓಡಾಕತ್ತಿದ್ನಿರಿ. ಅವ್ವ, 'ಮೊದಲ ನಂಗ ಹಾಕ್ತಾರ, ನೋಡು' ಅಂತ ತನ್ನ ಗದ್ದ ಮುಂದ ಮಾಡಿದಳು. ಇಬ್ಬರಿಗೂ ಒಂದೇ ನಮೂನಿ ಹಾಕ್ಯಾರ್ರಿ." ಹಾಗೆಂದವರು ಸ್ಟೂಲ್ ಎಳೆದುಕೊಂಡು ಬೆಳಕಿಗೆ ಮುಖ ಮಾಡಿ ಕೂತುಬಿಟ್ಟರು. "ನಂದ ನೋಡಿ ಹಾಕ್ರಿ."

ರೂಢಿಯಂತೆ ಮೌಸ್ ಎಳೆದೆ. ಹಸಿರು ಗದ್ದದ ತುಂಬ ಹರಡಿತು. ಅಳಿಸಿ, ಅವರ ಗದ್ದವನ್ನು ಹತ್ತಿರದಿಂದ ನೋಡಿದೆ. ಅಲ್ಲಿ ಗೆರೆಯೇ ಇರಲಿಲ್ಲ. ಸೂಜಿಯಿಂದ ಒಂದೊಂದಾಗಿ ಚುಚ್ಚಿದ್ದು ಅದು, ಯಾರೂ ಎಳೆದದ್ದಲ್ಲ. ಪರದೆಯ ಮೇಲಿನ ಗದ್ದವನ್ನು ತಟ್ಟೆಯಷ್ಟು ಹಿಗ್ಗಿಸಿಕೊಂಡು, ಕೈ ಅಲ್ಲಾಡಿಸದೆ, ಮೌಸನ್ನು ಬೆರಳಿನಿಂದ ಒಮ್ಮೆ ಒತ್ತಿದೆ. ಟಕ್. ಚುಕ್ಕಿ ನಾನಿಟ್ಟಲ್ಲೇ ಕೂತಿತು. ಅಯ್ಯೋ, ಇಷ್ಟೇನಾ! ಇಷ್ಟು ದಿನ ಈ ಮೌಸಿಗೆ ಬ್ರಷ್ಷಿನ ಪಾಠ ಹೇಳಲು ಹೋಗಿ ಸೋತಿದ್ದೆ. ಅದು ಸೂಜಿಯ ಜಾತಿಯದು.

ಹಚ್ಚಿ ಮುಗಿಯಿತು, ಆದರೆ ಕೈ ನಿಲ್ಲಲಿಲ್ಲ. ಒರೆಸಿಹಾಕಿದ್ದ ಸುಕ್ಕುಗಳನ್ನು ಹಳೆಯ ಫೋಟೋ ನೋಡಿಕೊಂಡು ಚುಕ್ಕಿ ಚುಕ್ಕಿಯಾಗಿ ತಂದೆ. ಹುಬ್ಬು ಹುಬ್ಬಿನಂತೆಯೇ ಬಂತು. ಅವರು ಊರಿಗೆ ಹೋಗಬೇಕಾಗಿದ್ದ ಅಫಜಲಪುರದ ಬಸ್ಸು ಹಾರ್ನ್ ಹೊಡೆದು ಹೋಯಿತು, ಅವರು ಏಳಲಿಲ್ಲ. ಪುಣ್ಯಕ್ಕೆ ಕರೆಂಟೂ ಇತ್ತು. ಹೋಗಿದ್ದರೂ ಹೆದರುತ್ತಿರಲಿಲ್ಲ, ಆ ರುಮಾಲು ಹೋದಂದಿನಿಂದ ಹೆಜ್ಜೆಹೆಜ್ಜೆಗೂ ಸೇವ್ ಮಾಡುತ್ತಿದ್ದೆ. ಮುಂದೆ ನಾನು ಎಳೆಯುವುದನ್ನೂ ಕಲಿತೆ, ಪೆನ್ನಿನಿಂದ ಬರೆಯುವ ಹಲಗೆಯೂ ಬಂತು. ಆದರೂ ಮುಖ ಮಾಡಲು ಕೂತರೆ ಇವತ್ತಿಗೂ ಚುಕ್ಕಿಯಿಂದಲೇ ಶುರು ಮಾಡುತ್ತೇನೆ.

ಪೂರ್ತಿ ಮುಖ ಕಾಣುವಂತೆ ಮಾಡಿ ಪರದೆಯನ್ನು ಅವರ ಕಡೆ ತಿರುಗಿಸಿದೆ. ಅವರ ಕೈ ತಾನಾಗಿ ಗದ್ದಕ್ಕೆ ಹೋಯಿತು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು, "ಯವ್ವಾ" ಎಂದವರೇ ಅಳತೊಡಗಿದರು.

ಅಣ್ಣ ಅವರಿಗೆ ನೀರು ತಂದುಕೊಟ್ಟ. ನನ್ನ ಹಿಂದೆ ಬಂದು ನಿಂತು, "ಆ ಕಲಬುರ್ಗಿಯವನಿಗಿ ಬರಬ್ಯಾಡ ಅಂತ ಹೇಳ್ತೇನಿ ತಗೋ," ಎಂದ.

ಎದುರಿಗೆ ಕೂತವರು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಹೇಳಬಾರದು, ನನಗೆ ಮಾತ್ರ ಹೋದ ಜೀವ ಬಂದಂತಾಗಿತ್ತು.